ಚೊಗರಿಗೆ ಚರಂಡಿಯಿಲ್ಲ

ಸಿದ್ದಾಪುರ ತಾಲ್ಲೂಕಿನ ಬಿಳಗಿಗೆ ಹೋದದ್ದು ರತ್ನತ್ರಯ ಬಸದಿ ನೋಡಲು. ಆದರೆ ಪರಿಚಯದವರ ಅಂಗಳದಲ್ಲಿ ಅಡಿಕೆ ಹಂಡೆ ಕುದಿಯುತ್ತಿತ್ತು. ಬಸದಿಗೆ ಹೊರಡುವ ಹೊತ್ತಿಗೆ ಸಂಜೆಯಾಗಿತ್ತು.

ಸುಲಿದ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕಡುಗೆಂಪು ನೀರೇ ಚೊಗರು. ಇದನ್ನು ಯಾವ ಹಳ್ಳಕ್ಕೆ ಬಿಡುತ್ತೀರಿ ಎಂದು ಕೇಳಿಬಿಟ್ಟೆ. ಒಲೆ ಮುಂದಿದ್ದ ಅಜ್ಜ ನಕ್ಕರು: “ಚೊಗರು ಎಂತಕ್ಕೆ ಚೆಲ್ಲವು ತಮಾ?” ಮುಂದಿನ ಹಂಡೆ ಅಡಿಕೆಯೂ ಅದರಲ್ಲೇ ಬೇಯುತ್ತದೆ, ಬೆಂದಷ್ಟೂ ಚೊಗರು ದಪ್ಪ, ಅಡಿಕೆಗೆ ಬಣ್ಣ. ಕೊನೆಗೆ ಮಿಕ್ಕದ್ದನ್ನೂ ಕಾದಿಡುತ್ತಾರೆ. ಹೆಗ್ಗೋಡಿನ ಮಹಿಳಾ ಸಹಕಾರ ಸಂಘ ‘ಚರಕ’ದವರಿಗೆ ಇದೇ ಕೈಮಗ್ಗದ ಬಟ್ಟೆಯ ಬಣ್ಣ. ನಾನು ಬೆರಳು ಅದ್ದಿದೆ. ಕಲೆ ಮೂರು ದಿನ ಹೋಗಲಿಲ್ಲ. ಕೊಳಚೆ ಎನ್ನಬಹುದಾದ ನೀರಿಗೆ ಇಷ್ಟು ಮರ್ಯಾದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಕಾನೂನಿಗೆ ಗೊತ್ತಿರುವುದು ಚೆಲ್ಲುವ ನೀರು ಮಾತ್ರ. ಕೊಳಚೆ ಸಂಸ್ಕರಣಾ ಘಟಕದಿಂದ ಹೊರಬರುವ ನೀರಿನ ಬಿಒಡಿ, ಅಂದರೆ ಅದರಲ್ಲಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಒಡೆಯಲು ಬೇಕಾಗುವ ಆಮ್ಲಜನಕ, ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದು ಕೇಂದ್ರದ 2015ರ ಕರಡು ಹೇಳಿತ್ತು. 2017ರ ಅಕ್ಟೋಬರ್ ಅಧಿಸೂಚನೆಯಲ್ಲಿ ಅದು ಮಹಾನಗರಗಳಿಗೆ 20, ಉಳಿದೆಡೆಗೆ 30 ಆಯಿತು. ಸಾರಜನಕದ ಮಿತಿ ಮಾಯವಾಯಿತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮತ್ತೆ 10ಕ್ಕೆ ಎಳೆಯಿತು. ಅಂಕಿ ಬಿಗಿಯಾದರೆ ಒಳ್ಳೆಯದೇ. ಆದರೆ ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆಯುಗುಳಿದ್ದು ಘಟಕದ ಮುಖವನ್ನೇ ಕಾಣದೆ ಹರಿದ ಕೊಳಚೆಯಿಂದ. ಕೊಳವೆಯೇ ತಲುಪದ ನೀರಿಗೆ 10 ಆದರೇನು, 30 ಆದರೇನು?

ಬಿಳಗಿಯಂಥ ಊರುಗಳನ್ನು ಹೊಗಳಿ ಮುಗಿಸಲು ಆಸೆಯೇನೋ ಇದೆ. ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತದೆ, ನಿಜ. ಅದರಲ್ಲೀಗ ಸೀಗೆ, ಅಂಟುವಾಳದ ಬದಲು ಡಿಟರ್ಜೆಂಟ್ ನೊರೆ. ಶೌಚದ ಗುಂಡಿಯೋ ಹಿತ್ತಿಲಲ್ಲಿ, ಬಾವಿಯೂ ಅಲ್ಲೇ. ನಡುವೆ ಇರುವುದು ಜಂಬಿಟ್ಟಿಗೆ. ಅದರ ತೂತುಗಳಲ್ಲಿ ನೀರು ಸೋಸಿಕೊಳ್ಳುವ ಮೊದಲೇ ಜಾರಿಬಿಡುತ್ತದೆ. ಘಟಕದ ಬಾಯಿಗೆ ಬರೆದ ಯಾವ ಅಂಕಿಯೂ ಈ ಹಿತ್ತಿಲಿಗೆ ಬರುವುದಿಲ್ಲ. ಚೊಗರಿಗೆ ತೋರುವ ಎಚ್ಚರ ಗುಂಡಿಯ ವಿಷಯದಲ್ಲಿ ನಮಗಿಲ್ಲ.

ಆ ಎಚ್ಚರಕ್ಕೊಂದು ದಾರಿಯಿದೆ. ಕೇಂದ್ರದ ಜಲಜೀವನ್ ಮಿಷನ್‌ನಡಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ನಿಮ್ಮೂರಿನಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ವಿಚಾರಿಸಿ, ಈ ಮಳೆಗಾಲ ಮುಗಿಯುವುದರೊಳಗೆ ಬಾವಿಯ ನೀರನ್ನೊಮ್ಮೆ ಅವರ ಕೈಗೆ ಕೊಡಿ.