ನಿಮಗಿದು ಗೊತ್ತೆ? ಸೋತ ಹೃದಯಕ್ಕೂ ವ್ಯಾಯಾಮ ಬೇಕು
ಹೃದಯ ವೈಫಲ್ಯದ ರೋಗಿಗಳಿಗೆ ಹಾಸಿಗೆ ಬಿಟ್ಟು ಏಳಬೇಡಿ ಎನ್ನುತ್ತಿದ್ದ ಕಾಲವೊಂದಿತ್ತು. ಆದರೆ ಮಲಗಿದಷ್ಟೂ ಕಾಲಿನ ಸ್ನಾಯುಗಳು ಕರಗುತ್ತವೆ. ಆಸ್ಪತ್ರೆಯಲ್ಲಿ ಕೆಲವೇ ದಿನ ಕಳೆದ ವೃದ್ಧರಿಗೆ ಬಚ್ಚಲುಮನೆಯವರೆಗೆ ನಡೆಯಲೂ ಆಸರೆ ಬೇಕಾಗಬಹುದು.

ಇಂಥವರಿಗೆ ವ್ಯಾಯಾಮ ನೆರವಾಗುವುದೇ ಎಂದು ಪರೀಕ್ಷಿಸಿದ ಅಮೆರಿಕದ ‘ರಿಹ್ಯಾಬ್-ಎಚ್‌ಎಫ್’ ಅಧ್ಯಯನ ಪ್ರಕಟವಾದದ್ದು 2021ರಲ್ಲಿ. ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರಿದ್ದ, 60 ತುಂಬಿದ 349 ಮಂದಿ ಅದರಲ್ಲಿದ್ದರು. ಬಹುತೇಕರು ತೀರಾ ನಿಶ್ಶಕ್ತರು ಅಥವಾ ಆ ಅಂಚಿನಲ್ಲಿದ್ದವರು. ಅವರಲ್ಲಿ ಅರ್ಧದಷ್ಟು ಮಂದಿಗೆ ನಡಿಗೆಯ ಜೊತೆಗೆ ಸ್ನಾಯುಬಲ, ಸಮತೋಲನ, ಚಲನೆಯ ತರಬೇತಿಯೂ ಸಿಕ್ಕಿತು. ಕುರ್ಚಿಯಿಂದ ಏಳುವುದು, ಓಲಾಡದೆ ನಿಲ್ಲುವುದು ಕೂಡ ಇಲ್ಲಿ ವ್ಯಾಯಾಮವೇ! ವಾರಕ್ಕೆ 3 ಬಾರಿಯಂತೆ 12 ವಾರ ಇದು ನಡೆಯಿತು. ಮೂರು ತಿಂಗಳಲ್ಲಿ ಅವರ ದೈಹಿಕ ಸಾಮರ್ಥ್ಯ ಸರಾಸರಿ 12ಕ್ಕೆ 8.3 ಅಂಕ ಮುಟ್ಟಿತು, ಉಳಿದವರದು 6.9. ಮತ್ತೆ ಆಸ್ಪತ್ರೆ ಸೇರುವ ಪ್ರಮಾಣ ಮಾತ್ರ ಹೇಳುವಷ್ಟು ತಗ್ಗಲಿಲ್ಲ. ಆದರೂ ಈ ವಯಸ್ಸಿನಲ್ಲಿ ತಾನಾಗಿ ಎದ್ದು ನಡೆಯುವುದು ಸಣ್ಣ ಲಾಭವಲ್ಲ.

ಮನೆಯಲ್ಲಿ ಇಂಥ ಹಿರಿಯರಿದ್ದರೆ ಹೃದ್ರೋಗ ತಜ್ಞರನ್ನು ಕೇಳಿ, ಫಿಸಿಯೋಥೆರಪಿಸ್ಟ್ ನೆರವಿನಲ್ಲೇ ವ್ಯಾಯಾಮ ಆರಂಭಿಸಿ. ಎದೆನೋವು, ತಲೆಸುತ್ತು, ಹೆಚ್ಚಿನ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.