ಬಾತುಕೋಳಿ ಬೀಳದ ಟಿವಿ

ಎಂಬತ್ತು ಮತ್ತು ತೊಂಬತ್ತರ ದಶಕಗಳಲ್ಲಿ ಚಡ್ಡಿ, ಲಂಗ ತೊಟ್ಟು ಓಡಾಡಿದವರು ಈಗ ಅಪ್ಪ-ಅಮ್ಮಂದಿರಾಗಿದ್ದಾರೆ. ಬಿಡುವಿನ ದಿನಗಳಲ್ಲಿ ಇವರಲ್ಲಿ ಅನೇಕರು ತಪ್ಪದೆ ಮಾಡುವ ಕೆಲಸವೊಂದುಂಟು. ತಾವು ಆಗ ನೋಡಿದ ಚಿತ್ರವನ್ನು ಮಕ್ಕಳಿಗೆ ತೋರಿಸುವುದು, ಆಗ ಆಡಿದ ವಿಡಿಯೋ ಗೇಮನ್ನು ಅಟ್ಟದಿಂದಲೋ ಹಳೆಯ ಸಾಮಾನಿನ ಅಂಗಡಿಯಿಂದಲೋ ಹುಡುಕಿ ತಂದು ಅವರ ಕೈಗಿಡುವುದು. ಫಲ ಮಾತ್ರ ಎಣಿಸಿದಂತೆ ಇರುವುದು ಅಪರೂಪ. ಚಿತ್ರ ಬೇರೆಯದೇ ಎನ್ನುವ ಹಾಗೆ ಕಾಣುತ್ತದೆ. ಗೇಮಂತೂ ಎಷ್ಟೋ ಸಲ ಕೆಲಸವನ್ನೇ ಮಾಡುವುದಿಲ್ಲ.

ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ 1985ರ ‘ಬೆಟ್ಟದ ಹೂವು’ ಚಿತ್ರವನ್ನೇ ನೋಡಿ. ಅಮೆರಿಕದ ಲೇಖಕಿ ಶರ್ಲಿ ಅರೋರಾ ಅವರ ಮಕ್ಕಳ ಕಾದಂಬರಿಯೊಂದನ್ನು ಆಧರಿಸಿದ್ದು ಅದು. ಬಡವರ ಮನೆಯ ಹುಡುಗ ರಾಮುವಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂಬ ಆಸೆ. ಅದಕ್ಕಾಗಿ ಕಾಡು ಸುತ್ತಿ ಆರ್ಕಿಡ್ ಹೂಗಳನ್ನು (ಮಲೆನಾಡಿನವರು ಬಲ್ಲ ಸೀತಾಳೆ ದಂಡೆ ಈ ಕುಲದ್ದೇ) ಹುಡುಕಿ ತಂದು ವಿದೇಶಿ ಮಹಿಳೆಯೊಬ್ಬಳಿಗೆ ಕೊಟ್ಟು ಕಾಸು ಕೂಡಿಸುತ್ತಾನೆ. ಆದರೆ ಕೂಡಿಸಿದ ಹಣದಲ್ಲಿ ಕೊನೆಗೆ ಅವನು ಕೊಳ್ಳುವುದು ಪುಸ್ತಕವನ್ನಲ್ಲ, ಮನೆಯವರು ಹೊದೆಯಲು ಕಂಬಳಿಯನ್ನು. ಈ ಪಾತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ದೊರೆಯಿತು.

ಹತ್ತು ವರ್ಷದವರಿಗೆ ಇದು ಕೈಗೆ ಬಾರದ ಪುಸ್ತಕದ ಕಥೆ. ಮನಸ್ಸು ರಾಮುವಿನ ಜೊತೆ ಕಾಡಿನಲ್ಲಿ ಅಲೆಯುತ್ತದೆ, ಒಂದೊಂದು ಕಾಸಿಗೂ ಹಿಗ್ಗುತ್ತದೆ, ಕೊನೆಗೆ ಪುಸ್ತಕ ತಪ್ಪಿತಲ್ಲ ಎಂದು ಸಂಕಟಪಡುತ್ತದೆ. ನಲವತ್ತು ವರ್ಷದವರಿಗೆ ಅದೇ ಚಿತ್ರ ಕಂಬಳಿಯ ಕಥೆ. ಮಗ ತನ್ನ ಆಸೆಯನ್ನು ಮಾರಿ ತಂದ ಕಂಬಳಿಯನ್ನು ಹೊದೆಯಬೇಕಾದವರು ಹೆತ್ತವರೇ ಅಲ್ಲವೆ? ಹಾಗೆ ಹೊದೆಯುವುದು ಎಷ್ಟು ಕಷ್ಟವೆಂಬುದು ಚಿಕ್ಕಂದಿನಲ್ಲಿ ಹೊಳೆಯುವಂಥದಲ್ಲ. ಇದರ ಮೇಲೆ ಇನ್ನೊಂದು ಭಾರವೂ ಸೇರಿದೆ. ಪುನೀತ್ 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಪ್ಪ-ಅಮ್ಮ ಕಣ್ಣೊರೆಸಿಕೊಳ್ಳುವಾಗ ಮಕ್ಕಳು ‘ಈಗೇನಾಯಿತು?’ ಎಂದು ಅವರ ಮುಖ ನೋಡುವುದು ಸಹಜವೇ. ಆ ದುಃಖ ಚಿತ್ರದಲ್ಲಿಲ್ಲ, ದೊಡ್ಡವರು ಜೊತೆಗೆ ತಂದದ್ದು.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯದೂ ಹೆಚ್ಚುಕಡಿಮೆ ಇದೇ ಕಥೆ. ದೂರದರ್ಶನದಲ್ಲಿ 1986ರಲ್ಲಿ ಅದನ್ನು ನೋಡಿದ ಮಕ್ಕಳಿಗೆ ಗಿರೀಶ ಕಾರ್ನಾಡರು ಅಭಿನಯಿಸಿದ ಸ್ವಾಮಿಯ ತಂದೆ ಎಂದರೆ ಒಂದು ಭಯ. ಮಗನಿಗೆ ಧೈರ್ಯ ಬರಲೆಂದು ಅವನನ್ನು ಕತ್ತಲೆಯ ಕೋಣೆಯಲ್ಲಿ ಒಬ್ಬನೇ ಮಲಗು ಎನ್ನುವವರು ಅವರು. ಈಗ ನೋಡಿದರೆ ಪಾಪ, ಅವರ ಮಾತೆಲ್ಲ ಬಲು ಪರಿಚಿತ. ಹಿಂದಿನ ದಿನವಷ್ಟೇ ತಮ್ಮ ಮನೆಯಲ್ಲಿ ತಾವೇ ಆಡಿದ್ದು!

ಸಿನಿಮಾ ಹೀಗೆ ಅರ್ಥ ಬದಲಿಸಿಕೊಂಡರೂ ಉಳಿದುಕೊಳ್ಳುತ್ತದೆ. ಗೇಮಿನ ಪಾಡು ಬೇರೆ.

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ಮಾರಾಟವಾದ ಟಿವಿ ಗೇಮುಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ಹೊರತಂದ ‘ಫ್ಯಾಮಿಕಾಮ್’ ಯಂತ್ರದ ನಕಲುಗಳು. ‘9999 ಆಟಗಳು’ ಎಂದು ಬರೆದಿರುತ್ತಿದ್ದ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಉಳಿದವೆಲ್ಲ ಅವೇ, ಬೇರೆ ಬೇರೆ ಹಂತದಿಂದ ಆರಂಭವಾಗುವಂಥವು. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದಿ ಮತ್ತೆ ಸಿಕ್ಕಿಸುವ ಸಂಪ್ರದಾಯವೂ ಇತ್ತು. ಊದಿದ್ದರಿಂದ ಪ್ರಯೋಜನವೇನೂ ಇರಲಿಲ್ಲ, ಬಾಯಿಯ ತೇವದಿಂದ ಲೋಹದ ಹಲ್ಲುಗಳಿಗೆ ತುಕ್ಕು ಹಿಡಿಯುತ್ತಿತ್ತು ಅಷ್ಟೆ. ಕೆಲಸ ಮಾಡುತ್ತಿದ್ದುದು ತೆಗೆದು ಮತ್ತೆ ಸಿಕ್ಕಿಸಿದ ಕ್ರಿಯೆ.

ಅಂಥ ಸೆಟ್ಟಿನ ಜೊತೆಗೆ ಬರುತ್ತಿದ್ದ ಪ್ಲಾಸ್ಟಿಕ್ ಪಿಸ್ತೂಲನ್ನು ಮರೆತವರು ಕಡಿಮೆ. 1984ರ ‘ಡಕ್ ಹಂಟ್’ ಆಟದಲ್ಲಿ ಹಾರುವ ಬಾತುಕೋಳಿಗೆ ಗುರಿಯಿಟ್ಟು ಕುದುರೆ ಎಳೆದರೆ ಹಕ್ಕಿ ಬೀಳುತ್ತಿತ್ತು. ಪಿಸ್ತೂಲಿನಿಂದ ಏನೋ ಕಿರಣ ಹೊರಟು ಟಿವಿಗೆ ತಾಗುತ್ತದೆಂದೇ ಮಕ್ಕಳ ನಂಬಿಕೆ. ವಾಸ್ತವ ತಿರುಗುಮುರುಗು. ಪಿಸ್ತೂಲು ಏನನ್ನೂ ಹಾರಿಸುವುದಿಲ್ಲ, ಅದು ನೋಡುತ್ತದೆ. ಅದರ ನಳಿಗೆಯೊಳಗಿರುವುದು ಬೆಳಕನ್ನು ಗುರುತಿಸುವ ಒಂದು ಪುಟ್ಟ ಕಣ್ಣು. ಕುದುರೆ ಎಳೆದೊಡನೆ ಯಂತ್ರವು ಇಡೀ ಪರದೆಯನ್ನು ಕ್ಷಣಕಾಲ ಕಪ್ಪಾಗಿಸಿ, ಮರುಕ್ಷಣ ಹಕ್ಕಿಯಿದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕವೊಂದನ್ನು ಮೂಡಿಸುತ್ತದೆ. ಕಪ್ಪಿನ ನಂತರ ಬಿಳುಪು ಕಂಡರೆ ಗುರಿ ಸರಿ, ಕಾಣದಿದ್ದರೆ ತಪ್ಪು. ಎರಡು ಹಕ್ಕಿಗಳಿದ್ದರೆ ಎರಡು ಚೌಕಗಳು ಒಂದಾದ ಮೇಲೊಂದರಂತೆ ಬರುತ್ತವೆ. ಯಾವುದು ಬಿತ್ತೆಂದು ಯಂತ್ರಕ್ಕೆ ತಿಳಿಯುವುದು ಹೀಗೆ. ಗುಂಡು ಹಾರಿಸಿದಾಗಲೆಲ್ಲ ಪರದೆ ಒಮ್ಮೆ ಮಿನುಗುತ್ತಿತ್ತಲ್ಲ, ಅದು ಇದೇ.

ಇದೆಲ್ಲ ನಡೆಯಬೇಕಾದರೆ ಟಿವಿ ಹೇಳಿದ ಕ್ಷಣಕ್ಕೆ ಸರಿಯಾಗಿ ಚಿತ್ರ ಮೂಡಿಸಬೇಕು. ಬೆನ್ನು ಉಬ್ಬಿದ ಹಳೆಯ ಟಿವಿಗಳು ಹಾಗೆಯೇ ಮಾಡುತ್ತಿದ್ದವು. ಅವುಗಳ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಗೆರೆಗೆರೆಯಾಗಿ ಓಡುತ್ತ, ನಮ್ಮ ದೇಶದ ಸೆಟ್ಟುಗಳಲ್ಲಿ ಸೆಕೆಂಡಿಗೆ 50 ಬಾರಿ ಪರದೆಯನ್ನು ತುಂಬುತ್ತಿತ್ತು. ಎಂದರೆ ಒಂದು ಚೌಕಕ್ಕೆ ಸಿಗುವ ಅವಧಿ 20 ಮಿಲಿಸೆಕೆಂಡು. ಈಗಿನ ಚಪ್ಪಟೆ ಟಿವಿ ತನಗೆ ಬಂದ ಚಿತ್ರವನ್ನು ಮೊದಲು ಒಳಗೆ ಕೂಡಿಟ್ಟು, ತಿದ್ದಿ ತೀಡಿ, ಆಮೇಲೆ ತೋರಿಸುತ್ತದೆ. ಬಿಳಿಯ ಚೌಕ ಪರದೆಗೆ ಬರುವ ಹೊತ್ತಿಗೆ ಪಿಸ್ತೂಲಿನ ಕಣ್ಣು ಮುಚ್ಚಿರುತ್ತದೆ. ಸಾಲದ್ದಕ್ಕೆ ನಿಂಟೆಂಡೊದ ಪಿಸ್ತೂಲಿನಲ್ಲಿ ಇನ್ನೊಂದು ಕಾವಲಿತ್ತು. ಬಲ್ಬಿನ ಕಡೆ ಹಿಡಿದು ಮೋಸ ಮಾಡದಿರಲೆಂದು, ಹಳೆಯ ಟಿವಿಯ ಕಿರಣದ ಓಟದ ವೇಗಕ್ಕೆ ಹೊಂದುವ ಬೆಳಕನ್ನು ಮಾತ್ರ ಅದು ಒಪ್ಪುತ್ತಿತ್ತು. ಹೊಸ ಟಿವಿಯಲ್ಲಿ ಅಂಥ ಓಟವೇ ಇಲ್ಲ. ಆದ್ದರಿಂದ ಅಪ್ಪ ಎಷ್ಟೇ ಹತ್ತಿರ ನಿಂತು ಹೊಡೆದರೂ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಆಟದ ನಾಯಿ ಹುಲ್ಲಿನಿಂದ ಎದ್ದು ನಗುತ್ತದೆ. ಮಗಳ ಮುಂದೆ ಇದು ಸಣ್ಣ ಅವಮಾನವಲ್ಲ. ನಿಂಟೆಂಡೊ 2016ರಲ್ಲಿ 30 ಹಳೆಯ ಆಟಗಳನ್ನು ತುಂಬಿದ ಪುಟ್ಟ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಾಗ ಅದರಲ್ಲಿಯೂ ‘ಡಕ್ ಹಂಟ್’ ಇರಲಿಲ್ಲ.

ಉಳಿದ ಆಟಗಳು ಓಡುತ್ತವೆ, ಆದರೆ ಮಕ್ಕಳಿಗೆ ರುಚಿಸುವುದು ಕಷ್ಟ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಪೂರ್ತಿ ಆಟದ ಗಾತ್ರ 40 ಕಿಲೋಬೈಟು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅಷ್ಟು ಇಕ್ಕಟ್ಟಿನಲ್ಲಿ ಆಟವನ್ನು ದಿನಗಟ್ಟಲೆ ಎಳೆಯಲು ಇದ್ದ ಉಪಾಯವೆಂದರೆ ಕಠಿಣ ಮಾಡುವುದು, ಸೋತವರನ್ನು ಮತ್ತೆ ಮೊದಲಿಗೇ ಅಟ್ಟುವುದು. ನಿಲ್ಲಿಸಿದಲ್ಲಿಂದಲೇ ಮುಂದುವರಿಯುವ ಆಟಗಳಲ್ಲಿ ಬೆಳೆದ ಮಗುವಿಗೆ ಇದು ಶಿಕ್ಷೆಯಂತೆ ತೋರಿದರೆ ತಪ್ಪು ಹೇಳಲಾಗದು. ಆದರೂ ‘ಕಾಂಟ್ರಾ’ದಲ್ಲಿ 30 ಜೀವ ಕೊಡಿಸುವ ಗುಟ್ಟನ್ನು, ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ ಎಂದು, ಹೇಳಿಕೊಡುವ ಹೊತ್ತಿಗೆ ಮಗು ಕಿವಿ ನಿಮಿರಿಸಿ ಕೇಳುತ್ತದೆ. ಅಣ್ಣನಿಂದ ತಮ್ಮನಿಗೆ ಬಾಯಿಂದ ಬಾಯಿಗೆ ಬಂದ ಈ ವಿದ್ಯೆಯ ಮೂಲ ಕರ್ತೃ ಕಝುಹಿಸಾ ಹಾಶಿಮೊಟೊ. ‘ಗ್ರೇಡಿಯಸ್’ ಎಂಬ ಆಟವನ್ನು ಪರೀಕ್ಷಿಸುವಾಗ ಅದು ತಮಗೇ ವಿಪರೀತ ಕಷ್ಟವಾಯಿತೆಂದು ಅವರು ಮಾಡಿಕೊಂಡ ಕಳ್ಳದಾರಿ ಅದು.

ಶಾಲೆ-ಕಾಲೇಜುಗಳ ಕಂಪ್ಯೂಟರ್ ಕೋಣೆಗಳಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಆಡುತ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಷ್ಟೋ ಮಂದಿಗೆ ನೆನಪಿರಬಹುದು. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ಅದನ್ನು ಚಿತ್ರೀಕರಿಸಿಕೊಂಡು ಒಂದೊಂದೇ ಭಂಗಿಯನ್ನು ತಿದ್ದಿ ಬರೆದು 1989ರಲ್ಲಿ ಹೊರತಂದ ಆಟ ಅದು. ಸಂಗೀತ ಅವರ ತಂದೆಯದು. ಕಳೆದೇಹೋಯಿತೆಂದುಕೊಂಡಿದ್ದ ಅದರ ಮೂಲ ಪ್ರೋಗ್ರಾಮಿನ ಫ್ಲಾಪಿಗಳು 2012ರಲ್ಲಿ ಮನೆಯಲ್ಲಿದ್ದ ಹಳೆಯ ಪೆಟ್ಟಿಗೆಯೊಂದರಲ್ಲಿ ಸಿಕ್ಕವು. ಹುಡುಕಿ ಮಗನಿಗೆ ಕಳುಹಿಸಿದವರೂ ಆ ತಂದೆಯೇ.

ಬಾತುಕೋಳಿ ಬೀಳಲೇಬೇಕೆಂಬ ಹಟವಿದ್ದವರು ಡಬ್ಬಾ ಟಿವಿಯನ್ನೇ ಅಟ್ಟದಿಂದ ಇಳಿಸಬೇಕಾಗುತ್ತದೆ. ಆದರೆ ಅದರ ಹಿಂಬದಿಯನ್ನು ತಾವಾಗಿ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ ಉಳಿದಿರಬಹುದು. ಬಡಾವಣೆಯಲ್ಲಿ ಹಳೆಯ ಕಾಲದ ಟಿವಿ ರಿಪೇರಿಯವರು ಯಾರಾದರೂ ಇನ್ನೂ ಅಂಗಡಿ ತೆರೆದಿದ್ದರೆ ಅವರನ್ನು ಕರೆಸುವುದು ಕ್ಷೇಮ.