ಶಾಲೆಯಲ್ಲೇ ಕಾಲೇಜಿನ ಕ್ರೆಡಿಟ್ ಸಿಗ್ತದೇನು?

ಸನಮಡಿ (ತಾ. ಜತ್ತ): ಶಾಲೆಯಲ್ಲಿ ಓದುವಾಗಲೇ ಕಾಲೇಜಿನ ಕ್ರೆಡಿಟ್ ಗಳಿಸುವ ಪದ್ಧತಿ ಅಮೆರಿಕದಲ್ಲಿ 1950ರ ದಶಕದಿಂದಲೂ ಇದೆ. ವಿಶೇಷ ಪರೀಕ್ಷೆಯಲ್ಲಿ ಒಳ್ಳೆ ಅಂಕ ತಂದವರಿಗೆ ಅಲ್ಲಿಯ ಅನೇಕ ಕಾಲೇಜುಗಳು ಆ ವಿಷಯದ ಕ್ರೆಡಿಟ್ ಕೊಡುತ್ತವೆ. ನಮ್ಮ ಮಕ್ಕಳಿಗೂ ಸಿಗ್ತದೇನು ಎಂದರೆ, ಸದ್ಯ ಅರ್ಧ ಉತ್ತರವಷ್ಟೇ ಇದೆ.

2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಶಾಲೆಯ ಕಲಿಕೆಗೂ ಲೆಕ್ಕ ಬಂದಿದೆ. 30 ತಾಸಿಗೆ 1 ಕ್ರೆಡಿಟ್, ವರ್ಷದ 1200 ತಾಸಿಗೆ 40. ಪಾಸ್‌ಬುಕ್ಕಿನಲ್ಲಿ ರೊಕ್ಕ ಬಿದ್ದಂತೆ ಇವು 12 ಅಂಕಿಯ 'ಅಪಾರ್' ಸಂಖ್ಯೆಯ ಖಾತೆಗೆ ಜಮಾ ಆಗಬೇಕೆಂಬುದು ಯೋಜನೆ. ಆದರೆ 12ನೇ ಇಯತ್ತೆ 4ನೇ ಹಂತ, ಪದವಿಯ ಮೊದಲ ವರ್ಷ 4.5ನೇ ಹಂತ. ಹೀಗಾಗಿ ಶಾಲೆಯ ಜಮಾ ತೋರಿಸಿ ಬಿ.ಕಾಂ.ನ ಒಂದು ವಿಷಯ ಬಿಡಲು ಬರುವುದಿಲ್ಲ.

ಗಡಿಯವರಿಗೆ ಇನ್ನೊಂದು ತೊಡಕು. ಜತ್ತ ತಾಲೂಕಿನಲ್ಲಿ ಹತ್ತನೇ ಇಯತ್ತೆ ಕನ್ನಡದಲ್ಲೇ ಬರೆದು, ಮುಂದೆ ಪದವಿಗೆ ವಿಜಯಪುರಕ್ಕೋ ಅಥಣಿಗೋ ಹೋದರೆ ಅಲ್ಲಿಯ ನಿಯಮ ಬೇರೆ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಹೊಸ ಶಿಕ್ಷಣ ನೀತಿ ನಡೆದಿದೆ. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ಕ್ರೆಡಿಟ್ ಒಪ್ಪುವುದು, ಬಿಡುವುದು ಸೇರುವ ವಿಶ್ವವಿದ್ಯಾಲಯದ ಕೈಯಲ್ಲಿದೆ.

ಆದ್ದರಿಂದ ಈಗಲೇ ಪದವಿ ಕ್ರೆಡಿಟ್ ಕೊಡಸ್ತೇವಿ ಅಂತ ಯಾರಾದರೂ ಫೀ ಕೇಳಿದರೆ, ಯಾವ ವಿಶ್ವವಿದ್ಯಾಲಯ ಒಪ್ತದ, ಬರೆದು ಕೊಡ್ರಿ ಎನ್ನಿ. ಅಪಾರ್‌ನಲ್ಲಿಯೂ ಆಧಾರ್‌ನಲ್ಲಿಯೂ ಮಗುವಿನ ಹೆಸರು, ಜನ್ಮ ದಿನಾಂಕ ಒಂದೇ ಇವೆಯೇ ಎಂದು ಪಾಲಕರು ಇಂದೇ ನೋಡಿಕೊಳ್ಳಬೇಕು.